ನಿಂಬೆಯ ಬುಡದ ಸುಡುಮಣ್ಣು

ಗೆರಟೆ ಬಿಸಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಉಡುಪಿ ಕಡೆಯವಳು ನಾನು. ದಿನಕ್ಕೊಂದು ತೆಂಗಿನಕಾಯಿ ಒಡೆಯದೆ ನಮ್ಮ ಅಡುಗೆ ಮುಗಿಯುವುದಿಲ್ಲ, ತುರಿದು ಉಳಿದ ಗೆರಟೆ ಬಚ್ಚಲ ಒಲೆಗೆ ಹೋಗಬೇಕು, ಅದು ನಮ್ಮ ಅಮ್ಮನ ಕಾನೂನು. ಒಮಾನಿನ ಸಹಮ್‌ಗೆ ಬಂದ ಮೇಲೆ ಬಚ್ಚಲ ಒಲೆ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಕೈ ಬೇಯುವಂಥ ನೀರು ತಾನಾಗಿ ಬರುತ್ತದೆ. ಆದರೂ ನಾನು ಗೆರಟೆಗಳನ್ನು ಅಕ್ಕಿ ಗೋಣಿಯಲ್ಲಿ ತುಂಬಿಸಿ ಇಡುತ್ತಿದ್ದೆ. "ಇದನ್ನೆಂತ ಊರಿಗೆ ಪಾರ್ಸೆಲ್ ಕಳಿಸ್ತೀಯಾ ಮಾರಾಯ್ತಿ?" ಎಂದು ಗಂಡ ತಮಾಷೆ ಮಾಡುತ್ತಿದ್ದರು. ಆ ಗೋಣಿಯೇ ನನಗೆ ಮುಳುವಾಯಿತು. ಹದಿನೆಂಟು ವರ್ಷ ನಾನು ಮುಚ್ಚಿಟ್ಟದ್ದು ಕಳೆದ ಚಳಿಗಾಲ ಒಂದು ಗುಂಡಿಯಿಂದ ಎದ್ದು ಬಂತು.

ನನ್ನ ಗಂಡನಿಗೆ ಸಹಮ್‌ನಲ್ಲಿ ಎ.ಸಿ. ರಿಪೇರಿ ಅಂಗಡಿ. ಮೊದಲು ಮಸ್ಕತ್ತಿನ ಘಾಲಾದಲ್ಲಿ ಒಬ್ಬರ ಗ್ಯಾರೇಜಿನಲ್ಲಿದ್ದರು, ಮದುವೆಯಾದ ಮೇಲೆ ಇಲ್ಲಿಗೆ ಬಂದು ಸ್ವಂತದ್ದು ಶುರು ಮಾಡಿದರು. ನಾವು ಬಾಡಿಗೆಗೆ ಹಿಡಿದದ್ದು ಒಂದು ಖರ್ಜೂರದ ತೋಟದ ಅಂಚಿನಲ್ಲಿದ್ದ ಎರಡು ಕೋಣೆಯ ಮನೆ. ತೋಟದ ಯಜಮಾನರು ಒಮಾನಿ ರೈತ, ಆಗ ಅರವತ್ತರ ಆಸುಪಾಸು. ನಾನು ಅವರನ್ನು 'ಬಾಬಾ' ಎನ್ನುತ್ತೇನೆ, ಅವರು ನನ್ನನ್ನು 'ಬಿಂತಿ' ಎನ್ನುತ್ತಾರೆ. ನಮ್ಮ ಮಗಳೇ ಅನ್ನುವ ಹಾಗೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ, ಮಸ್ಕತ್ತಿನಲ್ಲಿ ಆಫೀಸು ಕೆಲಸ, ಶುಕ್ರವಾರ ಮಾತ್ರ ಬರುತ್ತಿದ್ದ.

ಬಂದ ಮೊದಲ ವಾರವೇ ಬಾಬಾ ಬಾವಿಯ ಪಕ್ಕ ಹತ್ತು ಹೆಜ್ಜೆಯಷ್ಟು ಜಾಗ ತೋರಿಸಿ, ನಿನಗೆ ಬೇಕಾದ್ದು ಬೆಳೆಸಿಕೋ ಅಂದರು. ನಾನು ಬಸಳೆ ಹಬ್ಬಿಸಿದೆ, ತೊಂಡೆ ಚಪ್ಪರ ಹಾಕಿದೆ. ಮಣ್ಣು ಕೆದಕಿ ನೋಡಿದರೆ ಕಪ್ಪಗೆ, ಮೆತ್ತಗೆ, ಉಂಡೆ ಕಟ್ಟಿದರೆ ಉಂಡೆ. ಬೇಲಿಯಾಚೆ ಬರೀ ಬಿಳಿ ಮರಳು. ಇದೆಂತ ವಿಚಿತ್ರ ಎಂದು ಕೇಳಿದ್ದಕ್ಕೆ ಬಾಬಾ ನಕ್ಕು, "ಮರಳು ಅಲ್ಲಾಹ ಕೊಟ್ಟದ್ದು. ಮಣ್ಣು ನಮ್ಮಜ್ಜ ಹೊತ್ತದ್ದು" ಅಂದರು. ಆಡಿನ ಗೊಬ್ಬರ, ಖರ್ಜೂರದ ಗರಿ, ಕಡಲ ದಡದಲ್ಲಿ ಒಣಗಿಸಿದ ಬೂತಾಯಿ ಮೀನು, ಇಷ್ಟನ್ನು ಬುಟ್ಟಿ ಬುಟ್ಟಿ ತಂದು ಸುರಿದು ಮೂರು ತಲೆಮಾರು ಮಾಡಿದ ಮಣ್ಣದು. ನಮ್ಮೂರಲ್ಲೂ ತೆಂಗಿನ ಬುಡಕ್ಕೆ ಬೂತಾಯಿ ಹಾಕುತ್ತೇವೆ ಅಂದಾಗ ಅವರಿಗೆ ಭಾರಿ ಖುಷಿಯಾಯಿತು. ಆ ದಿನದಿಂದ ನನ್ನನ್ನು ಅವರು ರೈತಳೆಂದೇ ನಂಬಿಬಿಟ್ಟರು, ನಾನೂ ನಂಬಿದೆ. ಅಲ್ಲೇ ಎಡವಿದ್ದು.

ಬಾವಿಯ ಕಟ್ಟೆಗೆ ತಾಗಿಕೊಂಡೇ ಒಂದು ನಿಂಬೆ ಮರ. ಬಾಬಾನ ಹೆಂಡತಿ ನೆಟ್ಟದ್ದು. ಕಾಯಿಯನ್ನು ಬಾಬಾ ಬೇರೆ ಯಾರ ಕೈಗೂ ಕೊಡದೆ ತಾವೇ ಕೊಯ್ದು, ಬಿಸಿಲಲ್ಲಿ ಕರ್ರಗೆ ಒಣಗಿಸಿ, ಶುಕ್ರವಾರ ನಮಗೂ ಒಂದು ಹಿಡಿ ತಂದು ಕೊಡುತ್ತಿದ್ದರು. ಸಾರಿಗೆ ಹಾಕಿದರೆ ಅದರ ರುಚಿಯೇ ಬೇರೆ. ಆದರೆ ಆ ಮರಕ್ಕೆ ಇನ್ನೊಂದು ಕೆಲಸವೂ ಇತ್ತು. ಈ ಕಡಲ ಕರೆಯ ತೋಟಗಳಲ್ಲಿ ನೀರು ಎಳೆದೆಳೆದು ಬಾವಿಗೆ ಕಡಲ ಉಪ್ಪು ನುಗ್ಗುವುದು ಎಲ್ಲರ ಭಯ. ಉಪ್ಪು ಬಂದರೆ ಮೊದಲು ಸಾಯುವುದು ನಿಂಬೆ, ಎಲ್ಲಕ್ಕಿಂತ ಕೊನೆಗೆ ಖರ್ಜೂರ. ಹಾಗಾಗಿ ನಿಂಬೆ ಹಸಿರಾಗಿರುವ ತನಕ ಬಾವಿಗೆ ಆಯುಸ್ಸು ಉಂಟು ಎಂದು ಲೆಕ್ಕ.

ನಾವು ಬಂದ ಆ ಮೊದಲ ವರ್ಷ ಬಾಬಾ ಮಗನ ಜೊತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋದರು. ಹದಿನೈದು ದಿನ ತೋಟ ನನ್ನ ಕಣ್ಗಾವಲಿನಲ್ಲಿ. ಸುಮ್ಮನಿರಬೇಕಿತ್ತಲ್ಲ, ಇಲ್ಲ! ಅವರು ಬರುವಷ್ಟರಲ್ಲಿ ಆ ನಿಂಬೆಗೆ ಒಳ್ಳೆಯ ಆರೈಕೆ ಮಾಡಿ ಚಕಿತಗೊಳಿಸಬೇಕು ಎಂದು ಹುಕಿ ಬಂತು. ನಮ್ಮೂರಲ್ಲಿ ಮಲ್ಲಿಗೆಗಾಗಲಿ ಬದನೆಗಾಗಲಿ ಸುಡುಮಣ್ಣಿಗಿಂತ ದೊಡ್ಡ ಮದ್ದಿಲ್ಲ. ತರಗೆಲೆ, ಸಗಣಿ, ಕಡ್ಡಿ ಕಸ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಎರಡು ಮೂರು ದಿನ ಒಳಗೊಳಗೇ ಬೇಯುತ್ತದೆ. ಆ ಬೂದಿಮಣ್ಣನ್ನು ಬುಡಕ್ಕೆ ಹಾಕಿದರೆ ಗಿಡ ನಗುತ್ತದೆ. ನಾನು ಖರ್ಜೂರದ ಒಣ ಗರಿ ಒಟ್ಟಿದೆ, ಆಡಿನ ಹಿಕ್ಕೆ ಸುರಿದೆ, ಕೊನೆಗೆ ನನ್ನ ಗೋಣಿ ತಂದು ಇಡೀ ಗೆರಟೆಯನ್ನು ಅದರ ಹೊಟ್ಟೆಗೆ ತುಂಬಿದೆ. ಬೇಯಿಸಿ ಆರಿಸಿ, ಬುಟ್ಟಿ ಮೇಲೆ ಬುಟ್ಟಿ ಹೊತ್ತು, ನಿಂಬೆಯ ಬುಡಕ್ಕೆ ಕಟ್ಟೆಯಂತೆ ಏರಿಸಿದೆ. ಸೊಂಟ ಬಿದ್ದುಹೋಯಿತು, ಆದರೆ ಎಂಥ ಹೆಮ್ಮೆ ನನಗೆ!

ಬಾಬಾ ಬಂದರು, ನೋಡಿದರು, "ಶುಕ್ರನ್, ಬಿಂತಿ" ಎಂದು ಉಪಕಾರ ಹೇಳಿದರು.

ಎರಡು ತಿಂಗಳಲ್ಲಿ ಎಲೆ ಹಳದಿಗೆ ತಿರುಗಿತು. ನರ ಮಾತ್ರ ಹಸಿರು, ಉಳಿದದ್ದೆಲ್ಲ ಅರಸಿನ. ಅಮ್ಮನಿಗೆ ಫೋನು ಮಾಡಿದರೆ "ಇನ್ನೂ ಎರಡು ಬುಟ್ಟಿ ಹಾಕು" ಅಂದಳು. ಪುಣ್ಯಕ್ಕೆ ಹಾಕಲಿಲ್ಲ. ಪೇಟೆಯಲ್ಲಿ ತರಕಾರಿ ಅಂಗಡಿಯ ಬ್ಯಾರಿ ಅಣ್ಣನೊಬ್ಬರಿದ್ದರು, ಬಂಟ್ವಾಳದವರು, ಮೊದಲು ಒಮಾನಿನದೇ ಬುರೈಮಿ ಕಡೆ ತೋಟಗಳಲ್ಲಿ ದುಡಿದವರು. ಮೆಲ್ಲ ಕೇಳಿದೆ. ಅವರು ಹಣೆ ಹಣೆ ಬಡಿದುಕೊಂಡರು. "ಅಕ್ಕಾ, ನಮ್ಮೂರಿದು ಹುಳಿ ಮಣ್ಣು, ಅಲ್ಲಿ ಬೂದಿ ಅಮೃತ. ಇಲ್ಲಿಯ ಮಣ್ಣೇ ಸುಣ್ಣ! ಸುಣ್ಣಕ್ಕೆ ಮತ್ತೆ ಬೂದಿ ಹಾಕಿದರೆ ಬೇರಿನ ಬಾಯಿ ಕಟ್ಟಿದ ಹಾಗೆ."

ಆ ಶುಕ್ರವಾರವೇ ಹೋಗಿ ಹೇಳಬೇಕೆಂದು ಹೊರಟೆ. ಬಾವಿಯ ಹತ್ತಿರ ಮಗ ನಿಂತಿದ್ದ, "ಉಪ್ಪು ಬಂತು ನೋಡಿ, ಖಲಾಸ್, ಈ ಬಾವಿಯ ಕಥೆ ಮುಗಿಯಿತು" ಎಂದು ಅಪ್ಪನಿಗೆ ಹೇಳುತ್ತಿದ್ದ. ಬಾಬಾ ನನ್ನತ್ತ ತಿರುಗಿ, "ನೀನೇನು ಹೇಳುತ್ತಿ, ಬಿಂತಿ?" ಎಂದು ಕೇಳಿದರು. ಬಾಯಿ ಬಿಟ್ಟರೆ ಬಣ್ಣಗೇಡು. "ಉಪ್ಪೇ ಇರಬೇಕು, ಬಾಬಾ" ಅಂದುಬಿಟ್ಟೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಹೌದು, ಉಪ್ಪು" ಅಂದರು.

ಆ ಬೇಸಿಗೆ ನಾವು ರಜೆಗೆ ಊರಿಗೆ ಹೋದೆವು. ತಿರುಗಿ ಬಂದಾಗ ನಿಂಬೆಯ ಬುಡದಲ್ಲಿ ನನ್ನ ಸುಡುಮಣ್ಣು ಕಾಣಲಿಲ್ಲ. ನೀರಿಗೆ ಕೊಚ್ಚಿ ಹೋಯಿತೇನೋ ಎಂದುಕೊಂಡೆ. ಮರದ ಅರ್ಧ ಭಾಗ ಸತ್ತಿತ್ತು, ಇನ್ನರ್ಧದಲ್ಲಿ ಹೊಸ ಚಿಗುರು. ಆಮೇಲೆ ಆ ಅರ್ಧ ಮರ ಬದುಕಿತು, ಕಾಯಿಯೂ ಬಿಟ್ಟಿತು. ಆದರೆ ಸತ್ತ ಅರ್ಧ ಮಗನ ಬಾಯಲ್ಲಿ ಸಾಕ್ಷಿಯಾಗಿ ನಿಂತಿತು. ಬಾವಿ ಮುಚ್ಚಿ ಆ ಮೂಲೆಯಲ್ಲಿ ಗೋದಾಮು ಕಟ್ಟೋಣ ಎಂಬುದು ಅವನ ಹಠ. ಕೆಟ್ಟವನೇನಲ್ಲ, ಅಪ್ಪನ ಮಂಡಿ ನೋವು ನೋಡಲಾಗದೆ ಹೇಳುತ್ತಿದ್ದ. "ನೀರು ಚೆನ್ನಾಗಿದೆ" ಎಂದು ಬಾಬಾ ಅಂದರೆ, "ಹಾಗಾದರೆ ಅಮ್ಮನ ನಿಂಬೆ ಅರ್ಧ ಸತ್ತದ್ದು ಹೇಗೆ?" ಎಂದು ಅವನು ಕೇಳುವನು. ಬಾಬಾ ಎದ್ದು ಆಡುಗಳ ಕಡೆ ನಡೆಯುವರು. ಗೋಡೆಯಾಚೆ ನಾನು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ. ನೂರು ಶುಕ್ರವಾರ ಇದನ್ನು ಕೇಳಿದರೂ ನಾನು ತುಟಿ ಬಿಚ್ಚಲಿಲ್ಲ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ಹೋದ ವರ್ಷ ಬಾಬಾ ಕೊನೆಗೂ ತಲೆಯಾಡಿಸಿದರು. ಮಗ ಟೇಪು ಹಿಡಿದು ಬಾವಿಯ ಸುತ್ತ ಅಳೆಯತೊಡಗಿದ.

ಇದೇ ಹೊತ್ತಿಗೆ ಒಂದು ಕಾರಿನ ಎ.ಸಿ. ಕೆಟ್ಟಿತು. ನಮಗೆಲ್ಲ ಬೆಳಿಗ್ಗೆ ತೆಳ್ಳಗೆ ಹೊದೆಯಬೇಕೆನಿಸುವ ದಿನಗಳು, ಆ ಕಾರಿನವರಿಗೆ ಮಾತ್ರ ಎ.ಸಿ. ಇಲ್ಲದೆ ಜೀವ ಹೋಗುತ್ತಿತ್ತು. ಐಸ್‌ಲ್ಯಾಂಡಿನ ಹೆಂಗಸು, ನನ್ನದೇ ವಯಸ್ಸು, ಮಣ್ಣಿನ ವಿಜ್ಞಾನಿ. ಮರುಭೂಮಿಯಲ್ಲಿ ಜನ ಹೇಗೆ ಮಣ್ಣು ಮಾಡಿಕೊಂಡರು ಎಂದು ಹಳೆಯ ತೋಟಗಳನ್ನು ಅಗೆದು ನೋಡುತ್ತಾ ಹೊರಟವರು. ರಿಪೇರಿಗೆ ಹೊತ್ತಾಗುತ್ತದೆಂದು ಗಂಡ ಅವರನ್ನು ನಮ್ಮ ಮನೆಗೆ ಕಳಿಸಿದರು. ನೀರುದೋಸೆ, ಬಂಗುಡೆ ಸಾರು ಬಡಿಸಿದೆ. ಮುಳ್ಳು ಬಿಡಿಸುವ ಚಂದ ನೋಡಿ ಇವರು ನಮ್ಮವರೇ ಅನ್ನಿಸಿತು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಆದರೂ ಎರಡು ಮೂರು ಸಲ ಬಂದು ಕೂತು ಮಾತಾಡಿದ ಮೇಲೆ ಅವರ ದೇಶದ ಕಥೆ ನನಗೆ ಬಾಯಿಪಾಠವಾಯಿತು.

ಸಾವಿರ ವರ್ಷಕ್ಕೂ ಹಿಂದೆ ಅವರ ಹಿರಿಯರು ನಾರ್ವೆ ಕಡೆಯಿಂದ ದೋಣಿಗಳಲ್ಲಿ ಕುರಿ, ದನ, ಬಾರ್ಲಿ ಬೀಜ ತುಂಬಿಕೊಂಡು ಯಾರೂ ಒಕ್ಕಲಿಲ್ಲದ ಆ ದ್ವೀಪಕ್ಕೆ ಬಂದಿಳಿದರಂತೆ. ನೋಡಿದರೆ ಬಿಟ್ಟು ಬಂದ ಊರಿನಂತೆಯೇ ಹಸಿರು, ಬರ್ಚ್ ಎಂಬ ಬಿಳಿ ತೊಗಟೆಯ ಮರಗಳ ಕಾಡು. ಊರಲ್ಲಿ ಮಾಡುತ್ತಿದ್ದುದನ್ನೇ ಇಲ್ಲೂ ಮಾಡಿದರು. ಮರ ಕಡಿದರು, ಸುಟ್ಟರು, ಹುಲ್ಲುಗಾವಲು ಮಾಡಿದರು, ಕುರಿ ಬಿಟ್ಟರು. ಆದರೆ ಅಲ್ಲಿಯ ನೆಲ ಬೆಂಕಿಬೆಟ್ಟಗಳು ಉಗುಳಿದ ಬೂದಿಯದ್ದು, ಹಿಟ್ಟಿನಂತೆ ಹಗುರ. ಬೇರಿನ ಹಿಡಿತ ತಪ್ಪಿದ್ದೇ ತಡ, ಗಾಳಿ ಹೊತ್ತೊಯ್ದಿತು. ಚಿಗುರಿದ ಸಸಿಯನ್ನು ಕುರಿ ಮೇಯ್ದಿತು. ನೋಡ ನೋಡುತ್ತ ಗುಡ್ಡಗಳು ಬೋಳಾದವು. ಕೆಸರಿನ ಪದರದಲ್ಲಿ ಸಿಕ್ಕಿಬಿದ್ದ ಹೂವಿನ ಪರಾಗ ಎಣಿಸಿದರೆ, ಬರ್ಚಿನದ್ದು ಕಡಿಮೆಯಾಗುತ್ತ ಹುಲ್ಲಿನದ್ದು ಹೆಚ್ಚುವುದು ಕಾಣುತ್ತದಂತೆ. ಸುಟ್ಟ ಕಾಡಿನ ಇದ್ದಿಲು ಒಂದು ಕಪ್ಪು ಗೆರೆಯಾಗಿ ನೆಲದಲ್ಲಿ ಉಳಿದಿದೆಯಂತೆ.

"ಅಷ್ಟು ಮೂರ್ಖರಾ ನಿಮ್ಮ ಅಜ್ಜಂದಿರು?" ಎಂದು ನಾನು ಕೇಳಿಯೇಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ.

ಆಕೆ ಬೇಸರಿಸಲಿಲ್ಲ. "ಮೂರ್ಖರಲ್ಲ. ಒಳ್ಳೆಯ ರೈತರು. ತಾಯಂದಿರು ಕಲಿಸಿದ್ದನ್ನು ಚೆನ್ನಾಗಿ ಮಾಡಿದರು, ಬೇರೆ ಮಣ್ಣಿನ ಮೇಲೆ ಮಾಡಿದರು, ಅಷ್ಟೆ. ಹಾಳು ಮಾಡಿದ್ದನ್ನೇ ಎಲ್ಲರೂ ಹೇಳುತ್ತಾರೆ. ಮನೆಯ ಮುಂದಿನ ಗದ್ದೆಗೆ ಅದೇ ಜನ ಗೊಬ್ಬರ, ಒಲೆಯ ಬೂದಿ, ಮೀನಿನ ಮುಳ್ಳು, ಕಡಲ ಪಾಚಿ ಹೊತ್ತು ಹೊತ್ತು ಹಾಕಿದರು. ಸುತ್ತಲ ಗುಡ್ಡ ಬೋಳಾದರೂ ಆ ಗದ್ದೆಗಳ ಮಣ್ಣು ದಪ್ಪಗಾಗುತ್ತ ಹೋಯಿತು. ನನ್ನಜ್ಜಿಯ ಮನೆ ಮುಂದೆ ಇವತ್ತಿಗೂ ಅಲ್ಲೇ ಎಲ್ಲಕ್ಕಿಂತ ಹಸಿರು ಹುಲ್ಲು" ಎಂದರು. ಹೇಳುವಾಗ ಅವರ ಮುಖ ಅರಳಿತ್ತು. ಎಷ್ಟು ಅಭಿಮಾನ, ಎಷ್ಟು ನೇರ! ಸ್ವಂತ ಹಿರಿಯರ ತಪ್ಪನ್ನು ಅಡಗಿಸದೆ, ಅವರ ಮೇಲಿನ ಪ್ರೀತಿಯನ್ನೂ ಬಿಡದೆ ಒಂದೇ ಉಸಿರಲ್ಲಿ ಹೇಳಿದರಲ್ಲ, ನನಗೆ ಆಕೆಯ ಕಾಲಿಗೆ ಬೀಳುವಷ್ಟು ಗೌರವ ಬಂತು. ಬೇರೆ ಮಣ್ಣಿನ ಮೇಲೆ ಎಂಬ ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಬಾಬಾನ ತೋಟ ತೋರಿಸಲು ನಾನಾಗಿ ಕರೆಯಲಿಲ್ಲ. ಕರೆದದ್ದು ನನ್ನ ಗಂಡ. "ಮೇಡಂ, ನಮ್ಮ ಬಾಬಾನ ಮಣ್ಣು ನೋಡಬೇಕು ನೀವು!" ಬೇಡ ಎನ್ನಲು ಕಾರಣ ಹೇಳಬೇಕಲ್ಲ. ಬಾಬಾಗೆ ಇಂಗ್ಲಿಷ್ ಬಾರದು, ಆಕೆಗೆ ಅರಬಿ ಬಾರದು, ಗಂಡನ ಅರಬಿ ಖಲಾಸ್, ಯಲ್ಲಾಗಳಲ್ಲೇ ಮುಗಿಯುತ್ತದೆ. ದುಭಾಷಿ ಕೆಲಸ ನನ್ನ ತಲೆಗೇ ಬಂತು.

ಅದೊಂದು ಶುಕ್ರವಾರ ಬೆಳಿಗ್ಗೆ. ಆಕೆ ಮೊದಲು ಬಾವಿಯ ನೀರಿಗೆ ಪೆನ್ನಿನಂಥ ಒಂದು ಉಪಕರಣ ಅದ್ದಿ ನೋಡಿ, ಉಪ್ಪಿದೆ ಆದರೆ ಸ್ವಲ್ಪ, ನಿಂಬೆಯೂ ತಡೆದುಕೊಳ್ಳುತ್ತದೆ ಅಂದರು. ಆಮೇಲೆ ಗುಂಡಿ ತೋಡಲು ಉಳುಮೆಯಾಗದ ಜಾಗ ಬೇಕೆಂದು ಪಡುವಣ ಗೋಡೆಯ ಬದಿ, ಆಡಿನ ಕೊಟ್ಟಿಗೆಯ ಹಿಂದೆ ಜಾಗ ಆರಿಸಿದರು. ನಿಂಬೆಯಿಂದ ನೂರು ಹೆಜ್ಜೆ ದೂರ. ಅಬ್ಬಾ, ಬದುಕಿದೆ ಎಂದುಕೊಂಡೆ. ಬಾಬಾ ಕೋಲೂರಿ ಬಂದು ಚಾಪೆ ಹಾಸಿ ಕೂತರು, ತಮ್ಮ ಕಾವಾ ಕಾಫಿ ಬಗ್ಗಿಸಿದರು. ಅರ್ಧ ಗುಂಡಿ ಆಗುವಾಗ ಮಗನೂ ಬಂದು ನಿಂತ, ಕೈಯಲ್ಲಿ ಟೇಪು.

ಎರಡು ಗೇಣು ಕೆಳಗೆ ಗುದ್ದಲಿ ಕರಿಯಾಯಿತು. ಗುಂಡಿಯ ಗೋಡೆಯಲ್ಲಿ ಒಂದು ದಪ್ಪ ಕಪ್ಪು ಪಟ್ಟಿ. ಆಕೆ ಮಗುವಿನಂತೆ ಕೂಗಿದರು: "ಇದ್ದಿಲು! ನಮ್ಮಲ್ಲಿ ಇಂಥ ಗೆರೆ ಕಂಡರೆ ಒಕ್ಕಲು ಬಂದವರ ಮೊದಲ ಗುರುತು." ಒಂದು ಚೂರು ಎತ್ತಿ, ಮಣ್ಣು ಊದಿ, ಭೂತಗನ್ನಡಿ ಹಿಡಿದರು. ಬಟ್ಟಲಿನ ಅಂಚಿನಂತೆ ಬಾಗಿದ ಚೂರು. "ಇದು ಮರವಲ್ಲ. ತೆಂಗಿನ ಗೆರಟೆ. ಇಲ್ಲಿ ತೆಂಗು ಇತ್ತೇ? ಯಾರು ಸುಟ್ಟದ್ದು ಅಂತ ಯಜಮಾನರನ್ನು ಕೇಳಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಸೀದಾ ಹೆಗಲಿಗೇ ಹೋಯಿತು. ಆದರೆ ಭಯಕ್ಕಿಂತ ಮೊದಲು ಒಂದು ಪ್ರಶ್ನೆ ಬಡಿಯಿತು. ನಾನು ಹಾಕಿದ್ದು ನಿಂಬೆಯ ಬುಡಕ್ಕೆ. ಅದು ಇಲ್ಲಿಗೆ ನಡೆದು ಬಂತೇ? ನೀರಿಗೆ ಕೊಚ್ಚಿ ಹೋಗಿರಲಿಲ್ಲ. ನಾನು ಊರಲ್ಲಿ ಮಾವಿನಹಣ್ಣು ತಿನ್ನುತ್ತಿದ್ದ ಆ ಬೇಸಿಗೆಯಲ್ಲಿ, ಮನುಷ್ಯರು ಹೊರಗೆ ತಲೆ ಹಾಕಲಾಗದ ಆ ಬಿಸಿಲಲ್ಲಿ, ಯಾರೋ ಅಷ್ಟನ್ನೂ ಬೇರಿಗೆ ಪೆಟ್ಟಾಗದಂತೆ ಕೆರೆದು, ಬುಟ್ಟಿ ಬುಟ್ಟಿ ಹೊತ್ತು, ನನ್ನ ಕಣ್ಣಿಗೆ ಬೀಳದ ಮೂಲೆಯಲ್ಲಿ ಹೂತಿದ್ದರು.

"ಬಾಬಾ," ನಾನು ಅವರ ಕಡೆ ತಿರುಗಿದೆ, "ಇದನ್ನು ಯಾರು ಸುಟ್ಟದ್ದು ಅಂತ ಕೇಳುತ್ತಿದ್ದಾರೆ."

ಅವರು ಗುಂಡಿಯತ್ತ ನೋಡಲೂ ಇಲ್ಲ. ನನ್ನ ಮುಖ ನೋಡಿ ಹೇಳಿದರು, "ಹಳೆ ಕಾಲದವರು. ಅಜ್ಜಂದಿರು ಸುಟ್ಟಿರಬೇಕು ಅಂತ ಹೇಳು, ಬಿಂತಿ."

ದಾರಿ ಮಾಡಿಕೊಟ್ಟಿದ್ದರು. ಅದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬಾವಿ ಹೋಗುತ್ತಿತ್ತು. ಸಾಕಾಯಿತು ಮಾರಾಯ್ರೇ. ಮೊದಲು ಅರಬಿಯಲ್ಲಿ, ಮಗನಿಗೂ ಕೇಳುವಂತೆ ಹೇಳಿದೆ: "ಸುಟ್ಟದ್ದು ನಾನು. ನಿಂಬೆಯ ಬುಡಕ್ಕೆ ಹಾಕಿದ್ದೂ ನಾನು. ನಮ್ಮೂರಲ್ಲಿ ಅದು ಗೊಬ್ಬರ, ಇಲ್ಲಿ ವಿಷ. ಮರ ಅರ್ಧ ಸತ್ತದ್ದು ನನ್ನ ಬೂದಿಯಿಂದ. ಬಾವಿಯ ಉಪ್ಪಿನಿಂದ ಅಲ್ಲ. ಅವತ್ತು ನಾನು ಸುಳ್ಳು ಹೇಳಿದೆ." ಆಮೇಲೆ ಇಂಗ್ಲಿಷಿನಲ್ಲಿ ಹೇಳಹೊರಟರೆ ಅಳು ಬಂತು. ಮಗನೇ ಆಕೆಗೆ ವಿವರಿಸಿದ.

ಅವನು ಅಪ್ಪನ ಕಡೆ ತಿರುಗಿದ. "ನಿಮಗೆ ಗೊತ್ತಿತ್ತಾ?"

"ಉಪ್ಪಾದರೆ ಎಲೆಯ ಅಂಚು ಸುಡುತ್ತದೆ," ಬಾಬಾ ಕಾವಾದ ಬಟ್ಟಲು ಕೆಳಗಿಟ್ಟರು. "ಅದು ಹಳದಿಯಾಗಿತ್ತು. ಯಾವ ರೈತನಿಗೆ ಗೊತ್ತಾಗುವುದಿಲ್ಲ?"

"ಮತ್ತೆ ಅವತ್ತು ನನ್ನ ಹತ್ತಿರ ಉಪ್ಪು ಅಂತ ಯಾಕೆ ಹೇಳಿದಿರಿ? ಇಷ್ಟು ವರ್ಷ ನಿಜ ಯಾಕೆ ಹೇಳಲಿಲ್ಲ?"

"ನನ್ನ ನೆರಳಿನಲ್ಲಿರುವ ಹುಡುಗಿ. ನನ್ನ ಮರಕ್ಕೆ ಒಳ್ಳೆಯದಾಗಲಿ ಅಂತ ಬೆನ್ನು ಬಗ್ಗಿಸಿ ಹೊತ್ತದ್ದು ಅವಳು. ಅವಳು ಉಪ್ಪು ಅಂದಳು. ನಾನೂ ಉಪ್ಪು ಅಂದೆ."

ನಾನು ಚಾಪೆಯ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತೆ. ಬೈದಿದ್ದರೆ ಹಗುರವಾಗುತ್ತಿತ್ತು. ಹೆಂಡತಿ ನೆಟ್ಟ ಮರ, ಅಜ್ಜ ತೋಡಿದ ಬಾವಿ, ಎರಡಕ್ಕೂ ಮೇಲೆ ನನ್ನ ಮಾನವನ್ನು ಇಟ್ಟರಲ್ಲ ಈ ಮನುಷ್ಯ! ನನ್ನ ತವರಿನಲ್ಲೂ ಯಾರೂ ನನ್ನನ್ನು ಹೀಗೆ ಕಾಯ್ದಿಲ್ಲ. ಬಾಬಾ ನನ್ನ ತಲೆಯ ಮೇಲಿನ ಸೆರಗನ್ನು ಕೋಲಿನ ತುದಿಯಿಂದ ಮೆಲ್ಲ ತಟ್ಟಿ, "ಖಲಾಸ್, ಬಿಂತಿ, ಖಲಾಸ್. ಕಾವಾ ಆರುತ್ತದೆ" ಅಂದರು.

ಆಕೆ ಗುಂಡಿಯ ಅಂಚಿನಲ್ಲಿ ಕೂತು ಪುಸ್ತಕದಲ್ಲಿ ಪದರಗಳ ಚಿತ್ರ ಬರೆದರು. ಕಪ್ಪು ಪಟ್ಟಿಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿ ಹೇಳಿದರು, "ನಮ್ಮ ದೇಶದ ಗೆರೆಯನ್ನು ಸುಟ್ಟವರು ಯಾರೂ ಈಗ ಎದ್ದು ಬಂದು ಹೇಳುವುದಿಲ್ಲ. ಇಲ್ಲಿ ಏನು ಬರೆಯಲಿ?" ನಾನು ಮೂಗು ಒರೆಸಿಕೊಂಡು, "ಹಾಕಿದ್ದು ನಾನು, ಹೊತ್ತದ್ದು ಬಾಬಾ ಅಂತ ಬರೀರಿ" ಅಂದೆ. ಬಾಬಾಗೆ ಅದನ್ನು ಅರಬಿಯಲ್ಲಿ ಹೇಳಿದಾಗ ಅವರು ಕೈ ಬೀಸಿ, "ಮರ ಬದುಕಿತು ಅಂತಲೂ ಬರೆಯಲಿ" ಅಂದರು. ಆಕೆ ಹಾಗೇ ಬರೆದುಕೊಂಡರು.

ಮಗ ಗುಂಡಿ ಮುಚ್ಚಿ, ಟೇಪು ಎತ್ತಿಕೊಂಡು ಹೋದ. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ. ಮನೆ ಖಾಲಿ ಮಾಡಿ ಅಂದರೆ ಮಾಡಿಬಿಡುವುದು, ಮಾಡಿದ್ದುಣ್ಣೋ ಮಹಾರಾಯ ಎಂದು ಗಂಡನಿಗೂ ಹೇಳಿಟ್ಟಿದ್ದೆ.

ಮುಂದಿನ ಶುಕ್ರವಾರ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಅವನೇ. ಕೈಯಲ್ಲಿ ಟೇಪು ಇರಲಿಲ್ಲ, ಎರಡು ನಿಂಬೆ ಸಸಿ ಇದ್ದವು. ಬಾವಿಯ ಹತ್ತಿರ ಬಾಬಾ ಆಗಲೇ ಎರಡು ಗುಂಡಿಗೂ ಕೋಲಿನಿಂದ ಗುರುತು ಹಾಕಿ ನಿಂತಿದ್ದರು. ಮಗ ಒಂದು ಸಸಿಯನ್ನು ನನ್ನ ಒದ್ದೆ ಕೈಗೆ ಕೊಟ್ಟ. ಕೊಟ್ಟು, ನನ್ನ ಅಡುಗೆಮನೆಯ ಮೂಲೆಯಲ್ಲಿದ್ದ ಗೆರಟೆ ಗೋಣಿಯನ್ನು ಬೆರಳು ಮಾಡಿ ತೋರಿಸಿ ಹೇಳಿದ:

"ಅದು ಮಾತ್ರ ಅಲ್ಲೇ ಇರಲಿ, ಅಕ್ಕಾ."